ಗೋಡೆಯಾಚೆಯ ಟಕ್ ಟಕ್

ಹ್ಯಾಲಿಫ್ಯಾಕ್ಸಿನ ಬಸ್ ಸ್ಟಾಪಿನ ಸಾಲಿನಲ್ಲಿ ಎಡ್ನಾಳ ಮುಂದೆ ನಡುವೆ ಒಂದೇ ಗೋಡೆಯಿರುವ ಅಕ್ಕಪಕ್ಕದ ಮನೆಗಳ ಇಬ್ಬರು ಮುದುಕಿಯರು ಜಗಳಕ್ಕಿಳಿದಿದ್ದರು. ಎಡ್ನಾ ಕಿವಿ ಅತ್ತಲೇ ಇಟ್ಟಳು.

“ಬೆಳಿಗ್ಗೆ ನೈಟಿಯಲ್ಲೇ ನನ್ನ ಮನೆಗೆ ಓಡಿ ಬಂದ್ಯಲ್ಲೇ ಹಿಲ್ಡಾ, ಬೀದಿಯೋರೆಲ್ಲ ನೋಡಿದ್ರು!”

“ಇನ್ನೇನ್ಮಾಡ್ಲಿ ಮ್ಯೂರಿಯಲ್? ದಿನಾ ಏಳಕ್ಕೆ ಗೋಡೆಯಾಚೆ ಕೇಳೋ ಟಕ್ ಟಕ್ ಇವತ್ತು ಕೇಳ್ಲೇ ಇಲ್ಲ.”

“ಅದು ಮನೆ ಬೆಚ್ಚಗಿಡೋ ಹೀಟಿಂಗ್ ಪಂಪು ಕಣೇ. ಸಿಕ್ಕಾಕೊಂಡ್ಬಿಡೋದು, ಸುತ್ತಿಗೇಲಿ ನಾಲ್ಕು ಬಾರಿಸಿದ್ರೇನೇ ರೇಡಿಯೇಟರಿಗೆ ಬಿಸಿನೀರು ಹರಿಯೋದು. ನಿನ್ನೆ ಹೊಸದು ಹಾಕಿಸ್ದೆ.”

“ಒಂದ್ಮಾತು ಹೇಳ್ಬಾರ್ದಾ? ನೀನು ಹೋಗೇಬಿಟ್ಟೆ ಅಂದ್ಕೊಂಡೆ.”

“ನನ್ನ ಹೆಣ ನೋಡೋಕೆ ಬಂದೋಳು ನನ್ನ ಟೋಸ್ಟೆಲ್ಲ ತಿಂದ್ಯಲ್ಲ!”

“ಗಾಬರೀಲಿ ಹಸಿವಾಯ್ತು.”

ಬಸ್ಸು ಬಂತು. ಮ್ಯೂರಿಯಲ್ ಗೆಳತಿಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು.

“ನಾಳೆಯಿಂದ ಗೋಡೆಗೇ ಬಾರಿಸ್ತೀನಿ ಬಿಡು. ನೀನೂ ತಿರುಗಿ ಬಾರಿಸು. ನಂಗೂ ಗೊತ್ತಾಗ್ಬೇಡ್ವಾ?”