ಹನ್ನೊಂದನೇ ನಂಬರಿನ ತಗಡು

ನಾನು, ಕೆಲಸದ ಜಾಗದಲ್ಲಿ ಎಲ್ಲರ ಬಾಯಲ್ಲೂ ತಗಡು ಮೇಷ್ಟ್ರು, ವಯಸ್ಸು ೬೩ ವರ್ಷ, ಉದ್ಯೋಗ ವಿಮಾನದ ತಗಡು ಕೆಲಸ, ವಾಯುದಳದಿಂದ ನಿವೃತ್ತನಾಗಿ ಈಗ ವಿಮಾನ ಸಂಗ್ರಹಾಲಯದಲ್ಲಿ ದುರಸ್ತಿಗಾರ, ವಾಸ ಹಳೆಯ ರನ್‌ವೇ ಗೋಡೆಗೆ ಹೊಂದಿಕೊಂಡ ಸಾಲುಮನೆಗಳಲ್ಲಿ ಕೊನೆಯದು, ಇಂದು ಬೆಳಿಗ್ಗೆ ೧೦ ಗಂಟೆ ೨೦ ನಿಮಿಷಕ್ಕೆ ಯಾರೂ ಕರೆಯದೆ ಠಾಣೆಗೆ ಬಂದು ಬರೆಸುವುದೇನೆಂದರೆ:

ಸಂಗ್ರಹಾಲಯದ ಬಾಂಬರ್ ವಿಮಾನದ ಹನ್ನೊಂದನೇ ನಂಬರಿನ ತಗಡು ಕಳುವಾಗಿದೆ ಎಂದು ನಮ್ಮ ಮೇಲ್ವಿಚಾರಕಿ ಮೇಡಂ ನಿನ್ನೆ ದೂರು ಕೊಟ್ಟಿದ್ದಾರೆ. ಬಿಚ್ಚಿದ ಹಳೆಯ ಭಾಗಗಳನ್ನು ಇಡುವ ಕಪಾಟಿನ ಬೀಗದ ಕೈ ನಮ್ಮ ಪೇಂಟರ್ ಬಳಿ ಇರುತ್ತದೆಂದು ಅವನನ್ನು ಪೊಲೀಸರು ಇಂದು ಬೆಳಿಗ್ಗೆಯಿಂದ ಇಲ್ಲಿ ಕೂರಿಸಿಕೊಂಡಿದ್ದಾರೆ. ಪೇಂಟರ್ ಕದ್ದಿಲ್ಲ. ಅವನು ಬಾಯಿಬಡುಕ, ಕೆಲಸಕ್ಕಿಂತ ಮಾತು ಜಾಸ್ತಿ, ಆದರೆ ಇನ್ನೊಬ್ಬರ ಒಂದು ಸ್ಕ್ರೂ ಮುಟ್ಟಿದವನಲ್ಲ. ತಗಡು ತೆಗೆದುಕೊಂಡು ಹೋದವನು ನಾನು. ಅವನನ್ನು ಮೊದಲು ಮನೆಗೆ ಕಳಿಸಿ, ಆಮೇಲೆ ನನ್ನದನ್ನು ಬರೆದುಕೊಳ್ಳಿ ಎಂದು ಕೇಳಿದೆ. ಎಲ್ಲವನ್ನೂ ನಡೆದ ಕ್ರಮದಲ್ಲಿ, ಸಮಯದ ಸಮೇತ ಹೇಳಬೇಕೆಂದು ರೈಟರ್ ಹೇಳಿದರು. ಹಾಗೇ ಹೇಳುತ್ತಿದ್ದೇನೆ.

ಸದರಿ ವಿಮಾನವನ್ನು ಹದಿನಾಲ್ಕು ತಿಂಗಳಿಂದ ನಾವು ನಾಲ್ಕು ಜನ ರಿಪೇರಿ ಮಾಡುತ್ತಿದ್ದೇವೆ. ಮೂವತ್ತು ವರ್ಷ ಬಯಲಲ್ಲಿ ನಿಂತ ವಿಮಾನ. ನಾವು ಮೊದಲು ಬಿಚ್ಚಿದಾಗ ರೆಕ್ಕೆಯೊಳಗೆ ಹಕ್ಕಿಗೂಡು ನಲವತ್ತೊಂದು ಇದ್ದವು. ಬರುವ ಭಾನುವಾರ ಜನರಿಗೆ ತೋರಿಸಲಿಕ್ಕಿದೆ. ಇದು ಹಾರಾಡುತ್ತಿದ್ದ ಕಾಲದಲ್ಲಿ ನಾನೂ ನನ್ನ ಅಣ್ಣನೂ ಇದರ ಮೇಲೇ ಕೆಲಸ ಮಾಡಿದವರು. ಅಣ್ಣನಿಗೆ ಕೇಬಲ್ಲುಗಳು, ನನಗೆ ತಗಡು. ಹನ್ನೊಂದನೇ ತಗಡು ಬಾಂಬು ಇಡುವ ಗೂಡಿನ ಒಳಗೋಡೆಯದು. ಅಳತೆ ೬೨ ಸೆಂಟಿಮೀಟರಿಗೆ ೩೮, ಇಪ್ಪತ್ತಾರು ಸ್ಕ್ರೂ. ಗೂಡಿನ ಬಾಗಿಲನ್ನು ಎತ್ತಿ ಹಿಡಿಯುವ ಕೇಬಲ್ ಅದರ ಹಿಂದೆ ಹಾದುಹೋಗುತ್ತದೆ.

ಸೋಮವಾರ ಮಧ್ಯಾಹ್ನ ೨ ಗಂಟೆ ೧೫ ನಿಮಿಷಕ್ಕೆ ಆ ತಗಡಿನ ಹಸಿರು ಬಣ್ಣ ಎಬ್ಬಿಸಲು ದ್ರಾವಣ ಹಚ್ಚಿದೆ. ಇಪ್ಪತ್ತು ನಿಮಿಷ ಬಿಟ್ಟು ಮರದ ಪಟ್ಟಿಯಿಂದ ಕೆರೆದೆ. ಬಣ್ಣದ ಕೆಳಗೆ ಉಪ್ಪು ಉಕ್ಕಿದ ಗೋಡೆಯ ಹಾಗೆ ಬಿಳಿ ಪುಡಿ ಎದ್ದಿತ್ತು. ಒರೆಸಿ ನೋಡಿದಾಗ ಅದು ಅಕ್ಷರವಾಗಿತ್ತು. ಮೇಲಿನ ಸಾಲು "ಬಲ್ ಸವೆದಿದೆ". ಕೆಳಗಿನದು "ಬಾಗಿಲು ಮುಟ್ಟಬೇ". ಉಳಿದದ್ದು ಅಳಿಸಿಹೋಗಿದೆ. ಅಕ್ಷರ ನನ್ನ ಅಣ್ಣನದು. ಚಿಕ್ಕಂದಿನಲ್ಲಿ ನನ್ನ ಕೈಹಿಡಿದು ತಿದ್ದಿಸಿದವನು ಅವನು. ಆ ಬಳುಕು ಬೇರೆ ಯಾರ ಅಕ್ಷರಕ್ಕೂ ಇಲ್ಲ. ಅಯ್ಯೋ ದೇವರೇ ಎಂದೆ. ಕೆಳಗಿದ್ದ ಪೇಂಟರ್ ಏನಾಯ್ತು ಮೇಷ್ಟ್ರೇ, ಹಾವಾ ಎಂದು ಕೇಳಿದ. ಏನಿಲ್ಲ ಎಂದೆ.

ಇದನ್ನು ಬಿಡಿಸಿ ಹೇಳಬೇಕೆಂದು ರೈಟರ್ ಕೇಳಿದ್ದರಿಂದ ಹೇಳುತ್ತೇನೆ. ಅಲ್ಯುಮಿನಿಯಂ ಮೇಲೆ ಸೀಸದ ಪೆನ್ಸಿಲ್ಲಿನಿಂದ ಬರೆಯಬಾರದು. ಪೆನ್ಸಿಲ್ಲಿನ ಕಪ್ಪು ತೇವದ ಜೊತೆ ಸೇರಿ ತಗಡನ್ನು ತಿನ್ನುತ್ತದೆ. ಗೆರೆ ಒರೆಸಿದರೂ ಕಣ್ಣಿಗೆ ಕಾಣದಷ್ಟು ಉಳಿದು ವರ್ಷಗಟ್ಟಲೆ ತಿನ್ನುತ್ತಲೇ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ನಮ್ಮ ತಲೆಗೆ ತುಂಬುತ್ತಿದ್ದರು. ಗುರುತು ಹಾಕಲು ಮೇಣದ ಪೆನ್ಸಿಲ್ ಕೊಡುತ್ತಿದ್ದರು. ಸೀಸದ ಗೆರೆ ಸಿಕ್ಕರೆ ಬರೆದವನಿಗೆ ಒಂದು ವಾರ ಶಿಕ್ಷೆ.

ಮೂವತ್ತೆಂಟು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ೬ ಗಂಟೆ ೫೦ ನಿಮಿಷಕ್ಕೆ ಅಣ್ಣ ಆ ಕೇಬಲ್ ಸವೆದದ್ದನ್ನು ಕಂಡು, ಹೊಸದು ತರಲು ೬೦೦ ಮೀಟರ್ ದೂರದ ಉಗ್ರಾಣಕ್ಕೆ ಹೋದ. ೭ ಗಂಟೆ ೩೫ಕ್ಕೆ ಬಾಂಬು ಜೋಡಿಸುವವರು ಬಾಗಿಲು ಪರೀಕ್ಷಿಸಿದರು. ಕೇಬಲ್ ತುಂಡಾಗಿ ಬಾಗಿಲು ಬಿದ್ದು ಒಬ್ಬರ ಬಲಗೈಯ ನಾಲ್ಕು ಬೆರಳು ಹೋದವು. ಮೇಣದ ಪೆನ್ಸಿಲ್ ಮುಗಿದಿತ್ತು, ಕಿವಿ ಮೇಲಿದ್ದ ಸೀಸದ ಪೆನ್ಸಿಲ್ಲಿನಲ್ಲೇ ಎಚ್ಚರಿಕೆ ಬರೆದಿಟ್ಟು ಹೋಗಿದ್ದೆ ಎಂದು ವಿಚಾರಣೆಯಲ್ಲಿ ಅಣ್ಣ ಹೇಳಿದ. ತಗಡಿನ ಮೇಲೆ ಬರಹ ಇರಲಿಲ್ಲ. ಒಂಬತ್ತು ವರ್ಷ ಅನುಭವದವನು ಅಲ್ಯುಮಿನಿಯಂ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಾನೆಯೇ, ಇದು ಕಟ್ಟುಕಥೆ ಎಂದರು. ಅದೇ ಗೂಡಿನ ಪಕ್ಕ ಕೆಲಸದಲ್ಲಿದ್ದ ನನ್ನನ್ನು ಕರೆಸಿ ಬರಹ ನೋಡಿದೆಯಾ ಎಂದು ಕೇಳಿದರು. ಇಲ್ಲ ಎಂದು ಹೇಳಿಕೆ ಕೊಟ್ಟೆ. ಅಣ್ಣನನ್ನು ಕೆಲಸದಿಂದ ತೆಗೆದರು. ಮುಂದಿನ ವಾರ ಗೂಡಿಗೆಲ್ಲ ಹಸಿರು ಬಣ್ಣ ಬಳಿದರು. ನಾನು ಇನ್ನೂ ಇಪ್ಪತ್ತಾರು ವರ್ಷ ಅದೇ ಹ್ಯಾಂಗರಿನಲ್ಲಿ ದುಡಿದು ಹಾರ ಹಾಕಿಸಿಕೊಂಡು ಹೊರಬಂದೆ.

ಮಂಗಳವಾರ ಮೇಡಂ ತಗಡು ನೋಡಿ, ತುಕ್ಕು ತಿಂದಿದೆ, ಹೊಸದು ಮಾಡಿ ಹಾಕಿ, ಹಳೆಯದಕ್ಕೆ ಚೀಟಿ ಕಟ್ಟಿ ಕಪಾಟಿಗಿಡಿ ಎಂದರು. ಅವರು ನೋಡಿದ್ದು ಕೆಳಗಿನಿಂದ, ಮೂರು ಮೀಟರ್ ದೂರದಿಂದ. ನಾನು ಹೊಸದು ಮಾಡಿ ಕೂರಿಸಿದೆ. ಬುಧವಾರ ಸಂಜೆ ೪ ಗಂಟೆ ೪೦ ನಿಮಿಷಕ್ಕೆ ಪೇಂಟರ್ ಕೈ ತೊಳೆಯಲು ಹೋದಾಗ ಹಳೆಯ ತಗಡನ್ನು ಕಪಾಟಿಗೆ ಇಡದೆ ಚೀಲಕ್ಕೆ ಹಾಕಿಕೊಂಡೆ. ಮೇಡಂ ಅವರನ್ನು ಕೇಳಬಹುದಿತ್ತು. ಕೇಳಿದರೆ ಯಾಕೆ ಎನ್ನುತ್ತಿದ್ದರು.

ಅಣ್ಣನ ಮನೆ ನಾಲ್ಕೂವರೆ ಕಿಲೋಮೀಟರ್ ದೂರ, ದರ್ಜಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತೊಂಬತ್ತು. ಒಂಬತ್ತನೇ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ೫ ಗಂಟೆ ೩೦ಕ್ಕೆ ಅತ್ತಿಗೆ ಬಾಗಿಲು ತೆರೆದು, ಏನಪ್ಪಾ ದಾರಿ ತಪ್ಪಿ ಬಂದ್ಯಾ, ಹೋದ ಸಲ ಬಂದಾಗ ನನಗೆ ತಲೆ ಕಪ್ಪಗಿತ್ತು ಎಂದರು. ಜಗಳವಾಗಿ ಬಿಟ್ಟವರಲ್ಲ ನಾವು. ಅಣ್ಣ ನನ್ನ ಮೇಲೆ ಒಂದು ದಿನವೂ ಸಿಟ್ಟಾದವನಲ್ಲ. ಹೋಗುವುದನ್ನು ಬಿಟ್ಟವನು ನಾನೇ.

ತಗಡನ್ನು ಮೇಜಿನ ಮೇಲೆ ಇಟ್ಟೆ. ಅಣ್ಣ ಕನ್ನಡಕ ಒರೆಸಿಕೊಂಡು ಓದಿದ. ಆಮೇಲೆ ಬೆರಳಿನಿಂದ ಅಕ್ಷರದ ಮೇಲೆ ಅಕ್ಷರ ತಿದ್ದಿದ. ಅಳಿಸಿಹೋದದ್ದನ್ನೂ ತಿದ್ದಿದ. ತಗಡಿನಿಂದ ಬೆರಳು ತೆಗೆದು, ಹಂಗಾದ್ರೆ ನಾನು ಬರೆದಿದ್ದೆ ಕಣೋ ಎಂದ. ನೀನು ನೋಡಿಲ್ಲ ಅಂದ್ಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು, ಬರೀಬೇಕು ಅಂದ್ಕೊಂಡು ಮರೆತು ಹೋಗಿರಬೇಕು ನಾನು ಅಂತ, ನೀನು ಸುಳ್ಳು ಹೇಳೋನಲ್ವಲ್ಲ ಎಂದ. ಆ ಬೆರಳು ಹೋದವರ ಮನೆಗೆ ಇವರು ವರ್ಷಕ್ಕೊಮ್ಮೆ ಹೋಗಿ ತಪ್ಪಾಯ್ತು ಅಂತ ಕೈಮುಗಿದು ಬರ್ತಾರೆ, ಬೇಡ ಅಂದ್ರೂ ಕೇಳಲ್ಲ ಎಂದು ಅತ್ತಿಗೆ ಹೇಳಿದರು. ಇವತ್ತೊಂದಿನ ಇಲ್ಲೇ ಇರಲಿ ಎಂದು ಅಣ್ಣ ತಗಡನ್ನು ಕೇಳಿದ. ಬಿಟ್ಟು ಬಂದೆ.

ಗುರುವಾರ ನನಗೆ ರಜೆ. ಇಂದು ಶುಕ್ರವಾರ ಬೆಳಿಗ್ಗೆ ೮ ಗಂಟೆಗೆ ಗೇಟಿನಲ್ಲಿ ಪೇಂಟರ್ ವಿಷಯ ತಿಳಿಯಿತು. ೯ ಗಂಟೆ ೫ ನಿಮಿಷಕ್ಕೆ ಅಣ್ಣನ ಮನೆಗೆ ಹೋದೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಗಡನ್ನು ಟವೆಲಿನಲ್ಲಿ ಸುತ್ತಿ, ನಾನೇ ತರ್ತೀನಿ, ನೀನು ಬೀಳಿಸ್ತೀಯಾ ಎಂದು ಹೊತ್ತು ತಂದಿದ್ದಾನೆ.

ಇಷ್ಟಕ್ಕೆ ಮುಗಿಯಿತೇ ಎಂದು ರೈಟರ್ ಕೇಳಿದರು. ಮುಗಿದಿಲ್ಲ. ಕ್ರಮದಲ್ಲಿ ಹೇಳುವಾಗ ಒಂದನ್ನು ಬೇಕೆಂದೇ ಹಾರಿಸಿದ್ದೇನೆ. ಅದು ಮೂವತ್ತೆಂಟು ವರ್ಷದ ಹಿಂದಿನ ಆ ದಿನದ ೭ ಗಂಟೆ ೨೦ ನಿಮಿಷದ್ದು.

ಆಗ ತಗಡಿನ ಮೇಲೆ ಪೆನ್ಸಿಲ್ ಗೆರೆ ಕಂಡೆ. ೭ ಗಂಟೆ ೩೦ಕ್ಕೆ ತಪಾಸಣೆಯವರು ಬರುವವರಿದ್ದರು. ಅಣ್ಣನಿಗೆ ಶಿಕ್ಷೆಯಾದೀತೆಂದು ಸ್ಪಿರಿಟ್ ಬಟ್ಟೆಯಿಂದ ಒರೆಸಿಬಿಟ್ಟೆ. ಓದಲಿಲ್ಲ. ಪೆನ್ಸಿಲ್ ಕಂಡರೆ ಸಾಕು, ಕೈ ತಾನಾಗಿ ಬಟ್ಟೆಗೆ ಹೋಗುವ ಹಾಗೆ ನಮ್ಮನ್ನು ತಯಾರು ಮಾಡಿದ್ದರು. ಹದಿನೈದು ನಿಮಿಷದ ನಂತರ ಆ ಕೂಗು ಕೇಳಿದಾಗ ನಾನು ಏನನ್ನು ಒರೆಸಿದೆನೆಂದು ಗೊತ್ತಾಯಿತು. ವಿಚಾರಣೆಯಲ್ಲಿ ಹೆದರಿದೆ. ನೋಡಿಲ್ಲ ಎಂದೆ. ಓದಿಲ್ಲವಲ್ಲ, ಹಾಗಾಗಿ ನೋಡಿಲ್ಲ ಎನ್ನುವುದು ಸುಳ್ಳಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಬುಧವಾರ ಅಣ್ಣನ ಎದುರು ಕುಳಿತು ಇದನ್ನು ಹೇಳಲು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ನಾನು ಹೇಡಿ ಎಂದು ಬರೆದುಕೊಳ್ಳಿ ಎಂದೆ. ಅದು ಬೇಕಿಲ್ಲ ಎಂದು ರೈಟರ್ ಹೇಳಿದರು. ಬೇಕು ಎಂದೆ. ಬರೆದುಕೊಂಡಿದ್ದಾರೆ.

ಹೇಳಿಕೆ ಮುಗಿದ ಮೇಲೆ ನನಗೆ ಓದಿ ಹೇಳುವುದು ಪದ್ಧತಿಯಂತೆ. ಅಣ್ಣ ಹೊರಗಿನ ಬೆಂಚಿನ ಮೇಲೆ, ಈ ಬಾಗಿಲಿನಿಂದ ನಾಲ್ಕು ಅಡಿ ದೂರದಲ್ಲಿ, ತಗಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಎಂಜಿನ್ ಸದ್ದಿನಲ್ಲಿ ದುಡಿದವನು, ಎಡಗಿವಿ ಮಂದ. ಆದ್ದರಿಂದ ಬಾಗಿಲು ಪೂರ್ತಿ ತೆರೆದಿಟ್ಟು, ಗಟ್ಟಿಯಾಗಿ, ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೇಲೆ ಬರೆಸಿದ್ದು ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಹಿಂದೆ ಆ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯನ್ನು ತೆಗೆದು ಅದರ ಜಾಗದಲ್ಲಿ ಇದನ್ನಿಡಬೇಕು.

ಸ್ಥಳ: ಠಾಣೆ, ರೈಟರ್ ಕೋಣೆ
ದಿನಾಂಕ: ಈ ತಿಂಗಳ ೧೪, ಶುಕ್ರವಾರ
ಹೇಳಿಕೆದಾರರ ಸಹಿ: (ಸಹಿ)

ಬಾಗಿಲು ತೆರೆದು ಓದಿ ಹೇಳಲಾಯಿತು. ಓದಿ ಮುಗಿದ ಸಮಯ ೧೨ ಗಂಟೆ ೧೦ ನಿಮಿಷ.
ಕೇಳಿಸಿಕೊಂಡ ಸಾಕ್ಷಿ, ಹೇಳಿಕೆದಾರರ ಅಣ್ಣ: (ಸಹಿ)
ಸಾಕ್ಷಿ ಸಹಿ ಮಾಡಿದ ಸಮಯ ೧೨ ಗಂಟೆ ೩೫ ನಿಮಿಷ.