ಹದಿನೇಳು, ಇಪ್ಪತ್ಮೂರು, ಮೂವತ್ತೊಂದು

ರಾತ್ರಿ ಹತ್ತು ಗಂಟೆಗೆ ಬಾವಿ ಪಕ್ಕದ ದಾರೀಲಿ ಒಬ್ಬಳೇ ಬರ್ತಿದ್ದಾಗ ನಮ್ಮಕ್ಕನಿಗೆ, ಅದೇ ಚಿಕ್ಕಮ್ಮನ ಮಗಳಿಗೆ, ಆಗಿದ್ದು ಇದು. ನನ್ನಾಣೆ ನಿಜ.

ಅವಳ ಕೆಲಸ ಹರಳು ಪರೀಕ್ಷೆ. ಮೊಳದುದ್ದದ ಹರಳು... ನೋಡಿದ್ರೆ ನೀರು, ಎತ್ತಿದ್ರೆ ಸೀಸ. ಕಣ್ಣಿಗೆ ಕಾಣದ ಕಣ ಒಳಗೆ ಹೊಕ್ಕರೆ ಒಂದು ಚೂರು ಮಿಣುಕುತ್ತೆ. ಅಂಥ ಕಣಗಳನ್ನ ಹಿಡಿಯೋ ಭಾರಿ ಯಂತ್ರಕ್ಕೆ ಇವು ಸಾವಿರಾರು ಬೇಕು. ಕತ್ತಲೆ ಕೋಣೇಲಿಟ್ಟು ಮಿಣುಕು ಎಣಿಸ್ತಾರೆ, ಒಂದೊಂದು ಮಿಣುಕಿಗೂ ಎಣಿಸೋ ಪೆಟ್ಟಿಗೆ ಟಿಕ್ ಅನ್ನುತ್ತೆ. ಹರಳು ಒಳ್ಳೇದಾದ್ರೆ ಟಿಕ್‌ಟಿಕ್‌ಟಿಕ್ ಅಂತ ಒಂದೇ ಸಮ. ಕೆಟ್ಟಿದ್ರೆ ಟಿಕ್... ... ಟಿಕ್.

ಅಕ್ಕನಿಗೆ ಕೆಲಸ ಕಲಿಸಿದ್ದು ಒಬ್ಬ ವಯಸ್ಸಾದ ಹೆಂಗಸು. ಎಲ್ಲರಿಗೂ ದೊಡ್ಡಮ್ಮ. ಅವರು ಕೆಟ್ಟದ್ದು ಅಂತ ಬರೆದಿದ್ದನ್ನೆಲ್ಲ ಮೇಲಧಿಕಾರಿ ತಿದ್ದಿ, ಪಾಸ್ ಮಾಡಿ ಕಳಿಸಿದ. ಯಂತ್ರ ಕಟ್ಟೋರು ಕೂಗಾಡಿದಾಗ, "ಮುದುಕಿಗೆ ಕಣ್ಣು ಮಂಜು" ಅಂದ. ಇಪ್ಪತ್ತೆಂಟು ವರ್ಷ ದುಡಿದೋರನ್ನ ಎಲ್ಲರೆದುರು ಹೊರಗೆ ಹಾಕಿದ. ತಿಂಗಳೊಳಗೆ ತೀರ್ಕೊಂಡ್ಬಿಟ್ರು. ಥೂ... ಈಗ್ಲೂ ಮೈ ಉರಿಯುತ್ತೆ.

ಅವತ್ತು ಹೊಸದಾಗಿ ಬಂದ ನಲವತ್ತು ಹರಳು ತೋರಿಸಿ ಮೇಲಧಿಕಾರಿ ಅಕ್ಕನಿಗೆ ಹೇಳಿದ. "ನಲವತ್ತೂ ಪಾಸ್ ಅಂತ ಸಹಿ ಹಾಕು."

"ಇನ್ನೂ ಪರೀಕ್ಷೇನೇ ಆಗಿಲ್ಲ ಸಾರ್."

"ದೊಡ್ಡಮ್ಮನ ಗತಿ ನೆನಪಿದೆ ತಾನೇ?"

ಅಕ್ಕ ಸಹಿ ಹಾಕದೆ ಎದ್ದು ಬಂದ್ಲು. ಹಲ್ಲು ಕಚ್ಕೊಂಡು ನಡೀತಿದ್ಲು. ಬಾವಿ ಹತ್ರ ಬಂದಾಗ ಹಿಂದೆ ಸದ್ದು... ಚರಕ್. ಚರಕ್. ಕಾಲೆಳೆಯೋ ಚಪ್ಪಲಿ. ನಿಂತ್ಲು. ಅದೂ ನಿಂತಿತು.

"ಹದಿನೇಳು..." ಕಿವಿ ಹತ್ರಾನೇ ಪಿಸುಮಾತು.

"ಯಾರದು?"

"ಇಪ್ಪತ್ಮೂರು... ಮೂವತ್ತೊಂದು..."

ಆ ದನಿ ಅಕ್ಕನಿಗೆ ಗೊತ್ತು.

"ದೊಡ್ಡಮ್ಮಾ... ಆ ನಂಬರಿನ ಹರಳು ಕೆಟ್ಟಿದಾವಾ?"

"ನೀನೇ ನೋಡು."

ಹೆದರಿಕೆ ಅಲ್ಲ ಕಣೋ, ಕೆಂಡದಂಥ ಸಿಟ್ಟು ಬಂತಂತೆ. ವಾಪಸ್ ಓಡಿದ್ಲು. ಕತ್ತಲೆ ಕೋಣೆ ಬಾಗಿಲು ಹಾಕ್ಕೊಂಡು ನಲವತ್ತನ್ನೂ ಎಣಿಸಿದ್ಲು. ಕೈ ಚಾಚಿದ್ರೆ ಸಾಕು, ಮುಂದಿನ ಹರಳು ತಾನಾಗೇ ಅಂಗೈಗೆ ಬರ್ತಿತ್ತು... ಎದುರಿಗೆ ನಿಂತು ಯಾರೋ ಕೊಟ್ಟ ಹಾಗೆ. ಹದಿನೇಳು. ಟಿಕ್... ... ಟಿಕ್. ಇಪ್ಪತ್ಮೂರು, ಮೂವತ್ತೊಂದು, ಅವೂ ಹಾಗೇ. ಮಿಕ್ಕಿದ್ದೆಲ್ಲ ಸರಿ.

ಬೆಳಗಾಗೋದ್ರೊಳಗೆ ಆ ಅಂಕಿಗಳ ಜೊತೆ ದೊಡ್ಡಮ್ಮ ಬರೆದಿಟ್ಟಿದ್ದ ಹಳೇ ಪುಟಗಳನ್ನೂ ಯಂತ್ರ ಕಟ್ಟೋರಿಗೇ ನೇರ ಕಳಿಸಿದ್ಲು. ಮೇಲಧಿಕಾರಿ ಕುರ್ಚಿ ಹೋಯ್ತು. ದೊಡ್ಡಮ್ಮನ ಮನೆಗೆ, ತಪ್ಪಾಯ್ತು ಅಂತ ಪತ್ರ ಬಂತು. ಯಾರಿಗೆ ಬೇಕಿತ್ತು ಆಗ ಆ ಪತ್ರ?

ನಗಬೇಡ. ಅವತ್ತು ಬೆಳಿಗ್ಗೆ ಪರೀಕ್ಷೆ ಮೇಜಿನ ಮೇಲೆ, ಹರಳು ಮುಟ್ಟೋವಾಗ ಹಾಕ್ಕೊಳ್ಳೋ ಕೈಗವಸು ಎರಡು ಜೊತೆ ಬಿದ್ದಿದ್ವು. ಒಂದು ಅಕ್ಕನದು. ಇನ್ನೊಂದನ್ನ ಕಾಗದದಲ್ಲಿ ಸುತ್ತಿ ಸೀದಾ ಮನೆಗೆ ತಂದಿದ್ಲು. ನಾನೇ ಬೆರಳು ತೂರಿಸಿ ನೋಡಿದೀನಿ... ಒಳಗೆ ಬೆವರು ಇನ್ನೂ ಆರಿರಲಿಲ್ಲ.