ಸೊಳ್ಳೆಯ ಆಯುಷ್ಯ

ವಿಕ್ರೋಳಿ ಸ್ಟೇಷನ್ನಿನ ಹೊರಗೆ ಪವಾಯಿ ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಲ್ಯಾಪ್‌ಟಾಪ್ ಚೀಲ ಹೊತ್ತ ಹುಡುಗಿ. ಕೊರಳಲ್ಲಿ ಟೇಪು ಇಳಿಬಿಟ್ಟಿದ್ದ ಟೇಲರ್ ತಂದೆ ಅವಳನ್ನು ಬಸ್ಸು ಹತ್ತಿಸಲು ಬಂದಿದ್ದರು.

“ಅಬ್ಬಾ, ಮೂರು ವಾರ ನನ್ನ ಸೊಳ್ಳೆ ಎಲ್ಲಾ ಒಂದ ದಿನದಾಗ ಸಾಯತಿದ್ವು,” ಅಂದಳು ತಂದೆಗೆ.

“ಛಲೋ ಆತಲ್ಲ ಸಮೀನಾ, ಡೆಂಗಿ ಹೋತು.”

“ಕಂಪ್ಯೂಟರ್‌ನಾಗಿನ ಸೊಳ್ಳೆ, ಅಬ್ಬಾ! ಡೆಂಗಿ ಹೆಂಗ ಹಬ್ಬತೈತಿ ಅಂತ ನಮ್ಮ ಸೀನಿಯರ್ ಒಂದು ಮಾಡೆಲ್ ಮಾಡಿಟ್ಟು ಹೋಗ್ಯಾನ. ದಿನಕ್ಕ ಎಷ್ಟು ಸೊಳ್ಳೆ ಸಾಯತಾವ ಅಂತ ಲೆಕ್ಕ ಹಾಕಿದ್ದ, ನಾ ತಾಸಿಗೆ ಅಂತ ತಿಳಕೊಂಡೆ.”

“ಬರದಿಟ್ಟಿರಲಿಲ್ಲೇನು?”

“ಬರೇ ನಂಬರ್ ಇತ್ತು.”

“ನಾ ನೋಡು, ಪೇಪರ್ ಕಟಿಂಗ್ ಮ್ಯಾಲೆ ಎಲ್ಲಾ ಬರೀತೀನಿ. ಇಂಚೋ ಸೆಂಟಿಮೀಟರೋ, ಹೊಲಿಗಿ ಮಾರ್ಜಿನ್ ಸೇರೈತೋ ಇಲ್ಲೋ. ನಾ ಊರಿಗೆ ಹೋದಾಗ ನಿಮ್ಮ ಅಮ್ಮಿ ಅದನ್ನ ಅರಿವಿ ಮ್ಯಾಲೆ ಇಟ್ಟು ಕತ್ತರಸಬೇಕಲ್ಲ.”

“ಈಗ ಸರಿ ಮಾಡೀನಿ. ಭಾಂಡುಪ್‌ನಾಗ ಒಬ್ರು ಡಾಕ್ಟರ್ ಅದಾರ, ಸೋಮವಾರ ಅವರಿಗೆ ಮಾಡೆಲ್ ಕೊಡಬೇಕು. ಮಳೆಗಾಲದಾಗ ಅವರ ಏರಿಯಾಕ್ಕ ಇದನ್ನ ನಡಸ್ತಾರ.”

“ದಿನಕ್ಕ ಅಂತ ಬರದಿ?”

“ನನಗ ನೆನಪೈತಲ್ಲ.”

“ಹಂಗಾರ ಮಳಿ ಮುಗಿಯೋತನಕ ಡಾಕ್ಟರ್ ಮಗ್ಗಲದಾಗ ನೀನೂ ಹೋಗಿ ಕೂಡು.”

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದವಳು ಕಿಟಕಿಯ ಬಳಿ ಕುಳಿತು ಸೀದಾ ಲ್ಯಾಪ್‌ಟಾಪ್ ತೆರೆದಳು. ತಂದೆ ತುದಿಗಾಲಲ್ಲಿ ನಿಂತು ಇಣುಕಿ ನೋಡಿದರು. ಬಸ್ಸು ಹೊರಟಾಗ ಜೊತೆಗೇ ನಾಲ್ಕು ಹೆಜ್ಜೆ ಓಡಿ ಕೂಗಿದರು:

“ನಿನ್ನ ಫೋನ್ ನಂಬರೂ ಬರಿ! ಸೊಳ್ಳೆ ಮತ್ತ ಒಂದ ದಿನದಾಗ ಸತ್ರ ಡಾಕ್ಟರ್ ಯಾರಿಗೆ ಬೈಬೇಕು?”